ಸಿಪ್ಪೆ ಸುಲಿದು

ನೌರೋಜ್ ಕಳೆದು ಹದಿಮೂರು ದಿನ.
ಯಜ್ದ್ ಊರಿನ ಓಣಿಯಲ್ಲಿ ಹಬ್ಬದ ಮೀನಿನ ಬಟ್ಟಲುಗಳು
ಒಂದೊಂದಾಗಿ ಬೋರಲಾದವು.
ಟ್ಯಾಕ್ಸಿಯ ಖೊದಾದಾದನ ಚಿನ್ನದ ಮೀನು ಮಾತ್ರ
ಇನ್ನೂ ಬಾಯಿ ಬಿಡುತ್ತಿದೆ
ಸಾಲ ಕೊಟ್ಟವನ ಹಾಗೆ.

‘ಬರೀ ರೊಟ್ಟಿಚೂರು ಹಾಕಿದರೆ ಹೊಟ್ಟೆ ಉಬ್ಬುತ್ತೆ ಮಾರಾಯ’
ಅಂದಿದ್ದಳು ಔಷಧದಂಗಡಿಯ ಮಹ್‌ರುಖ್.
ಅಂದಿನಿಂದ ಮಧ್ಯಾಹ್ನ ಗಾಡಿ ನಿಲ್ಲಿಸಿ
ಬಟಾಣಿ ಬೇಯಿಸುತ್ತಾನೆ, ಸಿಪ್ಪೆ ಸುಲಿಯುತ್ತಾನೆ;
ಉಗುರಿನಷ್ಟು ಪಾಲಕ್,
ಶುಕ್ರವಾರ ತೊಟ್ಟಿಯಲ್ಲಿ ಸೋಸಿದ
ಸೊಳ್ಳೆಮರಿ ನಾಲ್ಕು.
ಶನಿವಾರ ಉಪವಾಸ, ಮೀನಿಗೆ.

ತನಗೋ
ನಿಂತಲ್ಲೇ ನಿನ್ನೆಯ ರೊಟ್ಟಿ, ಚಹಾ.

ಜೂನ್ ಬಂತು. ಮೀನಿನ ಬೆನ್ನು
ದಾಳಿಂಬೆ ಕಾಳಿನಂತೆ ಕೆಂಪೇರಿತು.
ಮೊನ್ನೆ ಬಟಾಣಿ ಒಂದು ಹಿಡಿ ಹೆಚ್ಚು ಬೆಂದಿತ್ತು.
ಎಸೆಯಲಿಲ್ಲ.
ಬಟ್ಟಲ ಎದುರು ಕೂತ, ಉಪ್ಪು ಉದುರಿಸಿಕೊಂಡ,
ತಿಂದ,
ಒಂದೊಂದನ್ನೂ
ಸಿಪ್ಪೆ ಸುಲಿದು.