ಬೊಬ್ಬೆ

ಎಂಟು ತಿಂಗಳು ಈ ಪುಣೆಯನ್ನು ನಾನು
ಮೊಣಕೈ ಮಡಿಕೆಯಲ್ಲೇ ಓದಿದ್ದು.
ಬೆಳಿಗ್ಗೆ ಆರೂವರೆಗೆ ಲ್ಯಾಬು, ಖಾಲಿ ಹೊಟ್ಟೆಗಳ ಸಾಲು,
"ಮುಷ್ಟಿ ಹಿಡೀರಿ", "ಆಯ್ತು, ಬಿಡಿ".
ನನಗೆ ಬರುತ್ತಿದ್ದ ಮರಾಠಿ ಅಷ್ಟೇ, ಸೂಜಿಮೊನೆಯಷ್ಟು.
ನಾಚಿ ಒಳಗೆ ಸರಿಯುವ ನರ, ಉಬ್ಬಿ ನಿಲ್ಲುವ ಜಂಬದ ನರ
ಎಲ್ಲ ಗೊತ್ತು.
ಮುಖ ಒಂದೂ ಗೊತ್ತಿಲ್ಲ.

ಸಂಜೆ ಒಲೆಯ ಮೇಲೆ ಒಬ್ಬಳ ಅನ್ನ.
ಕಿಟಕಿಯಾಚೆ ಜುಲೈ.
ನದಿಯ ಕಡೆಯಿಂದ ಧಡ್ ಧಡ್ ಧಡ್,
ಯಾರದೋ ಎದೆ ಜಾರಿ ಹೊರಗೆ ಬಿದ್ದಂತೆ.
"ಡೋಲಿನ ತಾಲೀಮು ಶುರುವಾಯ್ತು, ಇನ್ನು ಗಣಪತಿ ಹೋಗೋತನಕ ತಲೆನೋವು"
ಎಂದು ಶೇವಂತಾಬಾಯಿ ಬಾಗಿಲು ಹಾಕಿಕೊಂಡರು.
ನಾನು ಚಪ್ಪಲಿ ಮೆಟ್ಟಿಕೊಂಡೆ.

ಸೇತುವೆಯ ಕೆಳಗೆ ತಾಡಪತ್ರಿಯ ಮಾಡು,
ಕೆಸರು, ದೀಪದ ಹುಳ, ನೂರಿಪ್ಪತ್ತು ಮಂದಿ.
ಕಂಬಕ್ಕೊರಗಿ ನಿಂತೆ,
ನೋಡಲು ಬಂದವಳು ನೋಡಿ ಹೋಗುವುದೆಂದು.
ಯಾರೂ ಹೆಸರು ಕೇಳಲಿಲ್ಲ.
ಮಳೆಕೋಟಿನ ಹೆಂಗಸೊಬ್ಬಳು ಹಗ್ಗದ ತುದಿ ಕೈಗಿಟ್ಟು
"ಎಳಿ" ಅಂದಳು. "ಜೋರಾಗಿ! ಉಂಡಿಲ್ಲವಾ?"

ಡೋಲಿನ ಹಗ್ಗ ಒಬ್ಬರಿಂದ ಬಿಗಿಯಾಗುವುದಿಲ್ಲ.
ಒಬ್ಬರು ಕಾಲು ಕೊಟ್ಟು ಜಗ್ಗಬೇಕು,
ಇನ್ನೊಬ್ಬರು ಸಡಿಲವನ್ನೆಲ್ಲ ಬಾಚಿ ಗಂಟಿಗೆ ಒಯ್ಯಬೇಕು.
ಹದಿನಾಲ್ಕು ಡೋಲು ಬಿಗಿದ ಮೇಲೆ ತಿಳಿಯಿತು:
ಅವಳು ಉಜ್ವಲಾ ಶೇಡಗೆ, ಸಿಟಿ ಬಸ್ಸಿನ ಕಂಡಕ್ಟರು.
ಅವಳಿಗೂ ತಿಳಿಯಿತು: ನಾನು ನೀಲಗಂಗಾ, ಮುಧೋಳದ ಕಡೆಯವಳು.
ಮೂರು ಸಲ ಹೆಸರು ತಿರುವಿ ಹಾಕಿ ನೋಡಿ
"ನೀಲೂ" ಎಂದು ಚಿಲ್ಲರೆ ಮಾಡಿಕೊಂಡಳು.

ಆಮೇಲೆ ಅಮೃತತುಲ್ಯದ ಅಂಗಡಿಯಲ್ಲಿ ಅರ್ಧರ್ಧ ಚಹಾ.
ಇವತ್ತು ಇವರು, ನಾಳೆ ಅವರು.
ಲೆಕ್ಕ ಯಾರೂ ಚುಕ್ತಾ ಮಾಡುವುದಿಲ್ಲ;
ಮಾಡಿಬಿಟ್ಟರೆ ನಾಡಿದ್ದು ಬರಲು ನೆಪ ಬೇಕಲ್ಲ.

ಒಂದು ಭಾನುವಾರ ಸಿಂಹಗಡ ಹತ್ತಿದೆವು.
ಮೇಲೆ ಮಂಜು, ಕಾಲಿಗೆ ಜಾರುವ ಕಲ್ಲು,
ಬುಟ್ಟಿಯವಳ ಎದುರು ಪಿಠ್ಲ ಭಾಕ್ರಿ.
"ಇದು ನಮ್ಮ ಝುಣಕ ರೊಟ್ಟಿ" ಅಂದೆ.
"ನಿಮ್ಮದು ಹ್ಯಾಗೆ? ನಮ್ಮದು!"
"ನಮ್ಮಜ್ಜಿ..." "ನಮ್ಮ ಮುತ್ತಜ್ಜಿ..."
"ತಿನ್ರವ್ವಾ ಮೊದಲು, ಆರ್ತದ" ಎಂದಳು ಬುಟ್ಟಿಯವಳು,
ಅಪ್ಪಟ ಜತ್ತದ ಕನ್ನಡದಲ್ಲಿ!
ನನಗೆ ಠಸಕ್ಕೆಂದು ಮೆಣಸಿನಕಾಯಿ ಗಂಟಲಿಗೇರಿತು.
ಬೆನ್ನಿಗೆ ಬಿದ್ದ ಗುದ್ದುಗಳು ಎಷ್ಟೆಂದು ಎಣಿಸಲಿಲ್ಲ.

ತಾಶೆಯ ಪರಾಗ್ ಕೇಳಿದ: ನಿಮ್ಮೂರಲ್ಲಿ ಏನು ಬಾರಿಸ್ತೀರಿ?
ಕರಡಿ ಮಜಲು ಅಂದೆ. ಅಜ್ಜ ನುಡಿಸುತ್ತಿದ್ದ;
ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ.
ಬಾಯಲ್ಲೇ ಹೇಳಿ ತೋರಿಸಿದೆ.
ಅವನ ಕಡ್ಡಿ ಎರಡು ಸುತ್ತು ಬಂದು ಎಡವಿತು.
"ನಾಳೆ ಮತ್ತೆ" ಅಂದ.
ಆ ನಾಳೆ ಇನ್ನೂ ಬಂದಿಲ್ಲ. ಕೇಳುವುದನ್ನು ಅವನೂ ಬಿಟ್ಟಿಲ್ಲ.

ಪರೀಕ್ಷೆಯಲ್ಲಿ ನಾನು ನಪಾಸು. ಮೂರನೆಯ ಹೊಡೆತಕ್ಕೇ ಓಡುತ್ತೇನಂತೆ.
ವಿಸರ್ಜನೆಯ ದಿನ ಡೋಲಿಲ್ಲ, ಹಗ್ಗ ಸಿಕ್ಕಿತು:
ಬಾರಿಸುವವರ ಸುತ್ತ, ಜನ ನುಗ್ಗದಂತೆ,
ಕೈಗೆ ಕೈ ಕೋಸಿದ ಬೇಲಿ.
ಲಕ್ಷ್ಮೀ ರಸ್ತೆಯುದ್ದಕ್ಕೂ ಹನ್ನೊಂದು ತಾಸು
ಎಡಕ್ಕೆ ಉಜ್ವಲಾ, ಬಲಕ್ಕೆ ಹೆಸರೇ ಗೊತ್ತಿಲ್ಲದ
ಯಾವುದೋ ಕಾಲೇಜಿನ ಹುಡುಗಿ, ಬೆವರಿದ ಅಂಗೈ.
ನಡುರಾತ್ರಿ ಅವಳು ಭುಜದ ಮೇಲೆ ತೂಕಡಿಸಿದಳು.
ನಾನು ಅಲುಗಲಿಲ್ಲ.

ಈಗ ನನ್ನ ಫೋನಿನಲ್ಲಿ ಅವರೆಲ್ಲ:
ಉಜ್ವಲಾ ಹಗ್ಗ, ಪರಾಗ್ ತಾಶೆ, ತೂಕಡಿಕೆ.
ಕಳೆದ ವಾರ ಶೇವಂತಾಬಾಯಿಗೆ ಎರಡು ಬಾಟಲಿ ರಕ್ತ ಬೇಕಾದಾಗ
ಇಪ್ಪತ್ತೇ ನಿಮಿಷಕ್ಕೆ ಆರು ತೋಳು ಬಂದು ನಿಂತವು.
ತಲೆನೋವಿನ ಮಾತನ್ನು ಆಕೆ ಮತ್ತೆ ಎತ್ತಿಲ್ಲ.

ಇವತ್ತು ಬೆಳಿಗ್ಗೆ ಒಬ್ಬ ಮಧ್ಯವಯಸ್ಕ,
ಸೂಜಿ ಕಂಡರೆ ಬೆವರುವವನು, ತೋಳು ಚಾಚಿದ.
ನರ ಹುಡುಕುವ ಮೊದಲು ಕಂಡದ್ದು
ಎಡಗೈ ಬೆರಳ ಬುಡದಲ್ಲಿ ಒಣಗುತ್ತಿದ್ದ ಬೊಬ್ಬೆ.
"ಯಾವ ಪಥಕ?" ಅಂದೆ.
ಅವನು ಮಾತಾಡುತ್ತಲೇ ಇದ್ದ,
ಹತ್ತಿಯುಂಡೆ ಒತ್ತಿ, ಪಟ್ಟಿ ಅಂಟಿಸಿ,
ಮುಂದಿನವರ ಹೆಸರು ಕೂಗಿದ ಮೇಲೂ.