ನೂರಕ್ಕೆ ಆರು

"ಅಕ್ಕೋರೇ, ನಿಮಗೆ ಪಗಾರ ಎಷ್ಟು?"
ಬಂಗಡೆಯ ಕಿವಿರು ಎತ್ತಿ ತೋರಿಸುತ್ತ
ಕೇಳಿಯೇ ಬಿಟ್ಟಳು ಶೇವಂತಿ ತಾಂಡೇಲ,
ಕೋಡಿಬಾಗದ ನಮ್ಮ ಮನೆಯ ಮೆಟ್ಟಿಲ ಮೇಲೆ,
ರವಿವಾರ, ಅಕ್ಕಪಕ್ಕದವರೆಲ್ಲ ಎದ್ದ ಹೊತ್ತಿಗೆ.

ನಾನು ಮೊದಲು ಹಿಂದೆ ತಿರುಗಿ ನೋಡಿದೆ.
ಒಳಗೆ ಪೇಪರು ಮಗುಚಿದ ಸದ್ದು.
ಆಮೇಲೆ ನಕ್ಕೆ. ನಗು ಒಳ್ಳೆಯ ಸೆರಗು,
ಏನನ್ನೂ ಮುಚ್ಚುತ್ತದೆ.
ಪಗಾರ ಗೊತ್ತಿತ್ತು.
ಉಳಿದದ್ದೆಷ್ಟೆಂದು ಗೊತ್ತಿರಲಿಲ್ಲ.

ಅವಳ ಲೆಕ್ಕವೋ, ಊರಿಗೇ ಗೊತ್ತು.
ಬೈತಖೋಲಿನ ಹರಾಜಿನಲ್ಲಿ, ಇನ್ನೂ ಕತ್ತಲೆ ಇರುವಾಗಲೇ,
ಗಂಡಸರ ದನಿಯ ಮೇಲೆ ದನಿ ಹಾಕಿ ಕೂಗುತ್ತಾಳಂತೆ:
ಎರಡೂವರೆ ಸಾವಿರ! ಎರಡು ಎಂಟುನೂರು! ಮೂರು!
ಪಿಗ್ಮಿಯ ಹುಡುಗನಿಗೆ ದಿನಕ್ಕೆ ಇನ್ನೂರು,
ದೋಣಿ ಕಟ್ಟಿಹಾಕುವ ಎರಡು ತಿಂಗಳು ಬಿಟ್ಟು.
ಮಗಳ ಹೆರಿಗೆಗೆ ಇಪ್ಪತ್ತೆರಡು.
ಗಂಡನ ಬಲೆಗೆ ನಲವತ್ತು.
"ಕೊಟ್ಟದ್ದಲ್ಲ ಅಕ್ಕೋರೇ, ಸಾಲ. ತಿಂಗಳಿಗೆ ನೂರಕ್ಕೆ ಒಂದು.
ಹೊರಗಾದರೆ ಎರಡು. ಗಂಡ ಅಂತ ಒಂದು ಬಿಟ್ಟೆ."

ನಾನು ಏಳನೆಯ ತರಗತಿಗೆ ಬಡ್ಡಿ ಕಲಿಸುವವಳು.
ಅಸಲು, ದರ, ಅವಧಿ; ಗುಣಿಸಿ, ನೂರರಿಂದ ಭಾಗಿಸಿ.
ಹಲಗೆಯ ಮೇಲೆ ನಾನೇ ಕಟ್ಟಿದ ಲೆಕ್ಕಗಳಲ್ಲಿ
ಹತ್ತೊಂಬತ್ತು ವರ್ಷ ರಮೇಶನೇ ಠೇವಣಿ ಇಟ್ಟ,
ಸುರೇಶನೇ ಸಾಲ ತಂದ.
ಲತಾ ಮಾತ್ರ ಅರ್ಧ ಡಜನ್ ಬಾಳೆಹಣ್ಣು ಕೊಂಡು
ಉಳಿದ ಚಿಲ್ಲರೆ ಎಷ್ಟೆಂದು ಹೇಳಿ
ಮನೆಗೆ ಹೋದಳು.

ನನ್ನ ಕಾರ್ಡು ಅವರ ಪಾಕೀಟಿನಲ್ಲಿ.
ಅದರ ಗುಟ್ಟಿನ ಅಂಕಿ ಅವರು ಹುಟ್ಟಿದ ವರ್ಷ.
ಜಗಳವಾಗಿಲ್ಲ. ಕಿತ್ತುಕೊಂಡದ್ದೂ ಅಲ್ಲ.
ಮದುವೆಯ ಹೊಸತರಲ್ಲಿ, "ನಿನಗ್ಯಾಕೆ ಬ್ಯಾಂಕಿನ ಸರತಿ" ಅಂದರು.
ಪ್ರೀತಿ ಅನ್ನಿಸಿತು.
ಪ್ರೀತಿಯೂ ಇದ್ದಿರಬೇಕು, ಅಲ್ಲ ಅನ್ನಲಾರೆ.
ಸೋಮವಾರ ಮೇಜಿನ ಮೇಲೆ ಐನೂರರ ಒಂದು ನೋಟು,
ಪೆನ್ನಿನ ಕೆಳಗೆ, ಹಾರದ ಹಾಗೆ.
ಶನಿವಾರ ಅದರ ಲೆಕ್ಕ ಒಪ್ಪಿಸುತ್ತೇನೆ:
ಬಸ್ಸು, ಸೇಫ್ಟಿ ಪಿನ್ನು, ಯಾರದೋ ಮಗುವಿನ ನಾಮಕರಣ.
ಎರಡು ಸಲ ಸುಳ್ಳು ಹೇಳಿದ್ದೇನೆ,
ಒಮ್ಮೆ ಅಮ್ಮನ ಹಲ್ಲಿಗಾಗಿ,
ಒಮ್ಮೆ ಐಸ್‌ಕ್ರೀಮಿಗಾಗಿ.

ಸ್ಟಾಫ್ ರೂಮಿನಲ್ಲಿ ಮುಟ್ಟಿನ ನೋವಿನ ಮಾತಾಡುತ್ತೇವೆ,
ಗರ್ಭಕೋಶ ತೆಗೆಸಿದ ಮಾತೂ ಆಡುತ್ತೇವೆ.
ದುಡ್ಡಿನ ಮಾತು ಬಂದರೆ
ಎಲ್ಲರೂ ಡಬ್ಬಿಯ ಮುಚ್ಚಳ ಹುಡುಕುತ್ತೇವೆ.

ಮಂಗಳವಾರ ಎರಡನೆಯ ಅವಧಿ ಖಾಲಿ ಇತ್ತು.
ಕಪಾಟಿನಲ್ಲಿ, ವಿಮೆಯ ಕಾಗದಗಳ ಅಡಿ ಸಿಕ್ಕ ಪಾಸ್‌ಬುಕ್ಕನ್ನು
ಯಂತ್ರದ ಬಾಯಿಗೆ ಇಟ್ಟೆ.
ಕರ್ರ್, ಕರ್ರ್, ಪುಟ ತಿರುವು, ಕರ್ರ್.
ಹಿಂದೆ ನಿಂತ ಮುದುಕ ಕೆಮ್ಮಿದ.
ಪುಟ ಮುಗಿದವು, ನನ್ನ ವರ್ಷ ಮುಗಿಯಲಿಲ್ಲ.
"ಹೊಸ ಪುಸ್ತಕ ಬೇಕಾಗ್ತದೆ ಮೇಡಂ."
ಕೊಡಿ, ಅಂದೆ.
ಕಾಳಿ ಹೊಳೆಯ ಗಾಳಿಗೆ ಹಾರದಂತೆ ಹೆಬ್ಬೆರಳು ಒತ್ತಿ
ಕೊನೆಯ ಗೆರೆ ಓದಿದೆ, ತುಟಿಯೊಳಗೇ, ಮೂರು ಸಲ.
ಕಮ್ಮಿಯಲ್ಲ. ಅಂದುಕೊಂಡಷ್ಟೂ ಅಲ್ಲ.
ಹೆಸರು ಮಾತ್ರ ನನ್ನದೇ, ಒಂದಕ್ಷರ ತಪ್ಪದೆ.

ಸಂಜೆ ಮೀನುಪೇಟೆಯಲ್ಲಿ ಶೇವಂತಿ ಮಂಜುಗಡ್ಡೆ ಒಡೆಯುತ್ತಿದ್ದಳು.
"ಐವತ್ತೆಂಟು ಸಾವಿರದ ನಾನೂರು," ಅಂದೆ.
"ಏನದು?"
"ನನ್ನ ಪಗಾರ. ಮೊನ್ನೆ ಕೇಳಿದ್ದೆಯಲ್ಲ."
ದನಿ ತರಗತಿಯದು,
ಹಿಂದಿನ ಬೆಂಚಿಗೂ ಮುಟ್ಟುವಂಥದು.
ಸಾಲಿನಲ್ಲಿ ಏಳೆಂಟು ಕತ್ತಿಗಳು ಗಕ್ಕನೆ ನಿಂತವು.

ಇಸವಣದ ತೂಕ ಅಂದಾಜು ಮಾಡುವ ಹಾಗೆ
ಮೇಲಿಂದ ಕೆಳಗೆ ನೋಡಿದಳು ಶೇವಂತಿ.
"ಅಯ್ಯಯ್ಯಯ್ಯೋ! ಇಷ್ಟು ಪಗಾರ ಇಟ್ಟುಕೊಂಡು
ಹತ್ತು ರೂಪಾಯಿಗೆ ನನ್ನ ಹತ್ರ
ಅರ್ಧ ತಾಸು ಚೌಕಾಶಿ ಮಾಡ್ತೀರಲ್ಲ ಅಕ್ಕೋರೇ!
ನಿಮಗೆ ಇವತ್ತಿಂದ ನೂರಕ್ಕೆ ಆರೇ."

ಮೊನ್ನೆ ಎಂಟಿತ್ತು.
ಸಾಲಿಗೆ ಸಾಲೇ ನಕ್ಕಿತು, ನಾನೂ ನಕ್ಕೆ,
ಏನನ್ನೂ ಮುಚ್ಚದೆ.
ಪರ್ಸಿನಲ್ಲಿ ಇದ್ದದ್ದು ಆ ಐನೂರೇ.
ಕೊಟ್ಟೆ. ತಿರುಗಿ ಬಂದ ನಾನೂರನ್ನು
ಅವಳೆದುರಿಗೇ ಎಣಿಸಿಕೊಂಡೆ, ನೋಟು ಒದ್ದೆ, ಮೀನಿನ ವಾಸನೆ.

ಶನಿವಾರಕ್ಕೆ ಇನ್ನೂ ನಾಲ್ಕು ದಿನ.