ಹಿಟ್ಟು ನಾದಿದ ದಿನ

ಲೆಸೊಥೊದ ಜೂನ್ ಚಳಿ. ಕಂಬಳಿ ಹೊದ್ದೇ
ಬಲಿಪೂಜೆಗೆ ನಿಲ್ಲುತ್ತಿದ್ದೆವು ನಲವತ್ತು ಹುಡುಗರು.
ಬ್ರದರ್ ಮೊಖೆಲೆಯವರದು ಬೆಳಿಗ್ಗೆ ರೇಖಾಗಣಿತ,
ಮಧ್ಯಾಹ್ನ ಕುದುರೆಯ ಗೊರಸು ಕೆರೆಯುವುದು, ಅಂಗಿಗುಂಡಿ ಹೊಲಿಯುವುದು,
ಸೋತ ಮೇಲೆ ಎದುರಾಳಿಯ ಕೈಕುಲುಕುವುದು.
ಎಲ್ಲಕ್ಕೂ ಅಂಕವಿತ್ತು ಅವರ ಕೆಂಪು ಪುಸ್ತಕದಲ್ಲಿ.
ಗುಂಡಿಯಲ್ಲಿ ನನಗೆ ಹತ್ತಕ್ಕೆ ಮೂರು.

ತಾಯಿ ತೀರಿದ ಕಾಗದ ಬಂದ ದಿನ
ಅವರು ತರಗತಿಗೆ ಬರಲಿಲ್ಲ.
ಹುಡುಕಿದರೆ ಅಡುಗೆಮನೆಯಲ್ಲಿದ್ದರು, ತೋಳೇರಿಸಿ,
ಒಂದೇ ಮುದ್ದೆ ಹಿಟ್ಟನ್ನು ನಾದುತ್ತ, ನಾದುತ್ತ,
ಗೋಡೆ ನೋಡುತ್ತ.

ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ.
ತ್ಸೆಲಿಸೊ ಕೈ ತೊಳೆದು ಬಂದು
ಹಿಟ್ಟಿನ ಒಂದು ಮೂಲೆ ಹಿಡಿದ. ಆಮೇಲೆ ನಾನು.
ಆಮೇಲೆ ಜಗಳಗಂಟ ಲೆಬೆಕೊ ಕೂಡ.

ಬ್ರೆಡ್ಡು ತಳ ಸೀದಿತ್ತು ಆ ರಾತ್ರಿ.
ಎರಡೆರಡು ತುಂಡು ತಿಂದೆವು.
ಕೆಂಪು ಪುಸ್ತಕದಲ್ಲಿ ಆ ತಾರೀಖಿಗೆ
ಹಿಟ್ಟು ಮೆತ್ತಿದ ಹೆಬ್ಬೆರಳಿನ ಗುರುತು ಮಾತ್ರ.